ಬಿಗಿಯಿಂದ ಹದಿನೆಂಟು

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಮಗಳ ಕಾರಿನ ಕೆಳಗೆ ಮಲಗಿ, ಅವನು ಮಾಡಿಟ್ಟ ಕೆಲಸವನ್ನು ಕೆಡಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುವೆ ಹೇಳಹೊರಟರೆ ನಾಲಿಗೆ ಏನಾದರೊಂದು ನೆಪ ಹುಡುಕಿಕೊಂಡೀತು.

ಅಂದು ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ. ಮಗಳು ಬೆಳಗಿನ ಸುತ್ತು ಮುಗಿಸಿ ಬಂದು ಒಳಗೆ ಮಲಗಿದ್ದಳು. ಎರಡು ಗಂಟೆಗೆ ಅವಳು ಮತ್ತೆ ಹೊರಡಬೇಕು. ಮನೆಯ ಮುಂದಿನ ಸಿಮೆಂಟು ನೆಲದ ಮೇಲೆ ಹಳೆಯ ಗೋಣಿಚೀಲ ಹಾಸಿಕೊಂಡು, ಹಿಂದಿನ ಎಡಚಕ್ರದ ಒಳಬದಿಗೆ ಕೈ ತೂರಿಸಿದ್ದೆ. ಅಲ್ಲಿ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಹೆಬ್ಬೆರಳಿನ ತುದಿಯಷ್ಟು ದೊಡ್ಡದೊಂದು ತಿರುಪು ಇದೆ. ಬಲಕ್ಕೆ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎನ್ನುತ್ತಾ ಬಿಗಿಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಗಿಯಾದಷ್ಟೂ ಕಾರು ಗಡುಸಾಗಿ ಓಡಿ, ರಸ್ತೆಯ ಪ್ರತಿಯೊಂದು ಕಲ್ಲನ್ನೂ ಒಳಗೆ ಕೂತವರಿಗೆ ವರದಿ ಮಾಡುತ್ತದೆ. ಎಡಚಕ್ರಕ್ಕೆ ಆರು ಕ್ಲಿಕ್ ಬಿಗಿ ಮಾಡಿ ಬಲಚಕ್ರದ ಕಡೆಗೆ ತೆವಳುವಷ್ಟರಲ್ಲಿ ಹೆಂಡತಿಯ ಪಾದಗಳು ಕಾಣಿಸಿದವು. ಬಿಸಿಲಿಗೆ ಕಾದ ನೆಲ. ಆದರೂ ಕಾಲಿಗೆ ಚಪ್ಪಲಿ ಇರಲಿಲ್ಲ.

"ಈಚೆ ಬನ್ನಿ," ಅಂದಳು. "ನಿಮ್ಮ ತಮ್ಮ ಹೋಗ್ಬಿಟ್ರಂತೆ."

ಎಲ್ಲಿಗೆ ಎಂದು ಕೇಳಿದೆ. ಯಾವುದೋ ಹೊಸ ಯಂತ್ರ ನೋಡಲು ಯಾವುದೋ ಊರಿಗೆ ಹೋಗಿರಬೇಕು, ಅವನಿಗೇನು ಕಡಿಮೆ ಎಂದೇ ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು. ಅಂಥ ಮನಸ್ಸು ನನ್ನದು. ಅವಳು ನೆಲಕ್ಕೆ ಕುಕ್ಕರಿಸಿ ನನ್ನ ಮುಖ ನೋಡಿದಳು. ಆಗ ತಿಳಿಯಿತು.

ಅವನು ತನ್ನ ಅಂಗಡಿಯಲ್ಲೇ, ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದವನು, ಲೋಟವನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿದನಂತೆ. ಅಷ್ಟೆ. ನನಗಿಂತ ಆರು ವರ್ಷ ಚಿಕ್ಕವನು.

ಮಗಳೇ ಕಾರು ಓಡಿಸಿದಳು. ನಾನು ಅವಳ ಪಕ್ಕದಲ್ಲಿ, ಹೆಂಡತಿ ಹಿಂದೆ. ಒಂದು ಚಕ್ರ ಬಿಗಿ, ಇನ್ನೊಂದು ಸಡಿಲ. ರಸ್ತೆಯ ಪ್ರತಿ ಹಂಪಿನ ಉಬ್ಬಿಗೂ ಕಾರಿನ ಹಿಂಭಾಗ ಕುಂಟನಂತೆ ಒಂದು ಕಡೆಗೆ ಎತ್ತಿಹಾಕುತ್ತಿತ್ತು. ಎಡಗಡೆಯಿಂದ ದಡ್ ದಡ್ ಎಂದು ಬರುತ್ತಿದ್ದ ಆ ಸದ್ದು ಏನೆಂದು ಆ ಕಾರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಮಗಳು ಅಳುತ್ತಲೇ, "ಚಿಕ್ಕಪ್ಪ ಮೊನ್ನೆ ತಾನೇ ಸರಿ ಮಾಡಿ ಕೊಟ್ಟಿದ್ರು," ಅಂದಳು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ.

ನಮ್ಮ ತಂದೆ ಲಾರಿಗಳ ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ, ಬಡಿದು, ಬಾಗಿಸುವ ಕೆಲಸಗಾರರು. ನಾವಿಬ್ಬರೂ ಆ ಕುಲುಮೆಯ ಮುಂದೆಯೇ ಬೆಳೆದೆವು. ತಂದೆ ನಮಗೆ ಎರಡು ಮಾತು ಕಲಿಸಿದ್ದರು. ಯಾವ ತಿರುಪನ್ನಾದರೂ ಮೊದಲು ಪೂರ್ತಿ ಬಿಗಿ ಮಾಡಿ, ಆಮೇಲೆ ಬಿಚ್ಚುತ್ತಾ ಎಣಿಸಬೇಕು. "ಸಡಿಲಕ್ಕೆ ಕೊನೆ ಇಲ್ಲ, ಬಿಗಿಗೆ ಕೊನೆ ಉಂಟು. ಕೊನೆ ಇರೋ ಕಡೆಯಿಂದ ಎಣಿಸ್ಬೇಕು," ಎನ್ನುತ್ತಿದ್ದರು. ಇನ್ನೊಂದು, ಗಾಡಿ ನಮ್ಮ ಕೈಗೆ ಬಂದಾಗ ಹೇಗಿತ್ತು, ನಾವು ಬಿಟ್ಟಾಗ ಹೇಗಿತ್ತು, ಎರಡನ್ನೂ ಬರೆದಿಡಬೇಕು. ಅವರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದರು. ನಾನು ಬರೆಯುವುದನ್ನು ಬಹಳ ಹಿಂದೆಯೇ ಬಿಟ್ಟೆ. ನೆನಪಿದೆಯಲ್ಲ ಎಂಬ ಜಂಬ.

ತಂದೆಯ ಕಾಲದ ನಂತರ ಗಿರಾಕಿಗಳು ನನ್ನನ್ನು ದೊಡ್ಡ ಮೇಸ್ತ್ರಿ ಎಂದೂ ಅವನನ್ನು ಸಣ್ಣ ಮೇಸ್ತ್ರಿ ಎಂದೂ ಕರೆದರು. ನಾನು ಕುಲುಮೆಯಲ್ಲೇ ಉಳಿದೆ. ಅವನು ಕಾರುಗಳ ಸಸ್ಪೆನ್ಷನ್ನಿಗೆಂದೇ ಬೇರೆ ಅಂಗಡಿ ತೆರೆದ. ಬಿಳಿ ಟೈಲ್ಸಿನ ನೆಲ, ಕಾರನ್ನು ತಲೆಯ ಮೇಲಕ್ಕೆತ್ತುವ ಯಂತ್ರ, ಕಾಯುವವರಿಗೆ ಮೆತ್ತನೆಯ ಕುರ್ಚಿ. ಕೆಲವೇ ವರ್ಷಗಳಲ್ಲಿ ಜನ ನನ್ನನ್ನು ಕೇಳತೊಡಗಿದರು: "ದೊಡ್ಡ ಮೇಸ್ತ್ರಿ ಅಂದ್ರೆ ಯಾರು, ಸಣ್ಣ ಮೇಸ್ತ್ರಿಯ ಅಣ್ಣನಾ?" ಅವನು ಇದನ್ನು ಕೇಳಿದರೆ ನಗುತ್ತಿದ್ದ. ನಾನೂ ನಗುತ್ತಿದ್ದೆ. ನನ್ನ ನಗು ಹಲ್ಲಿನಿಂದ ಒಳಗೆ ಇಳಿಯುತ್ತಿರಲಿಲ್ಲ.

ಆದರೆ ಹೊಟ್ಟೆಕಿಚ್ಚಿನ ಬೇರು ಅಂಗಡಿಯಲ್ಲಿರಲಿಲ್ಲ. ಅವನಿಗೆ ಹದಿನಾರು ವರ್ಷವಾಗಿದ್ದಾಗ, ಒಂದು ಲಾರಿಯ ಪಟ್ಟಿಯ ಮೇಲೆ ಅಂಗೈ ಇಟ್ಟು, ಒಳಗೆ ಸೀಳಿದೆ ಅಪ್ಪ ಎಂದ. ಬಿಚ್ಚಿ ನೋಡಿದರೆ ಮೂರನೆಯ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು. ತಂದೆ ಅವನ ಕೈ ಹಿಡಿದು, "ಇವನ ಕೈಗೆ ಕಿವಿ ಇದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಬೇಸರವಾಗದಿರಲಿ ಎಂದೋ ಏನೋ, "ನೀನು ಗಟ್ಟಿಗ ಬಿಡು," ಎಂದರು. ಎತ್ತಿಗೂ ಹಾಗೆಯೇ ಹೇಳುತ್ತಾರೆ. ಆ ಒಂದು ಮಾತನ್ನು ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟು ಸಾಕಿದೆ.

ಈಗ ಕಾರಿನ ವಿಷಯ. ನನ್ನ ಮಗಳು ವಯಸ್ಸಾದವರ ಮನೆಗಳಿಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು, ಆ ಸಣ್ಣ ಕೊಳವೆಗಳನ್ನು ಪೆಟ್ಟಿಗೆಯಲ್ಲಿಟ್ಟು ಆಸ್ಪತ್ರೆಯ ಲ್ಯಾಬಿಗೆ ಮುಟ್ಟಿಸುತ್ತಾಳೆ. ದಿನಕ್ಕೆ ಎರಡು ಸುತ್ತು, ವಾರಕ್ಕೆ ಆರು ದಿನ. ಕಾರಿಗೆ ಒಂಬತ್ತು ವರ್ಷ. ಹಳೆಯ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರಿ ಸತ್ತಿದ್ದವು. ದಾರಿಯಲ್ಲಿ ಕುಲುಕಿ ರಕ್ತ ಕೆಟ್ಟಿದೆ ಎಂದು ಲ್ಯಾಬಿನವರು ಎರಡು ಬಾರಿ ಪೆಟ್ಟಿಗೆ ಹಿಂದಕ್ಕೆ ಕಳಿಸಿದರು. ಇನ್ನೂ ಹೀಗೇ ಆದರೆ ಈ ಸುತ್ತನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಮೇಲ್ವಿಚಾರಕಿ ಹೇಳಿದಳು. ಒಮ್ಮೆ ಚುಚ್ಚಿಸಿಕೊಂಡ ಮುದುಕರ ಮನೆಗೆ ಮತ್ತೆ ಸೂಜಿ ಹಿಡಿದು ಹೋಗುವುದಿದೆಯಲ್ಲ, ಮಗಳಿಗೆ ಅದೇ ಹೆಚ್ಚು ನೋವು.

ನನ್ನನ್ನು ಕೇಳಿದಳು. ಕಾರಿನ ಜೊತೆ ಬಂದಿದ್ದಂಥದ್ದೇ ಹೊಸದು ಹಾಕಿಸು, ಬೇರೆ ತಲೆನೋವು ಬೇಡ ಎಂದೆ. ಅವಳು ಫೋನಿನಲ್ಲಿ ಕೆಂಪು ಬಣ್ಣದ ಒಂದು ಜೋಡಿ ತೋರಿಸಿದಳು. ಕಾರನ್ನು ನೆಲಕ್ಕೆ ಅಂಟುವಷ್ಟು ತಗ್ಗಿಸುವ ಶೋಕಿಯ ಸಾಮಾನು. ನಾನು ನಕ್ಕುಬಿಟ್ಟೆ. ಬೇಸರಪಟ್ಟುಕೊಂಡು ಚಿಕ್ಕಪ್ಪನ ಅಂಗಡಿಗೆ ಹೋದಳು. ಹಿತ್ತಲ ಗಿಡ ಮದ್ದಲ್ಲ.

ನಾನೂ ಹಿಂದೆಯೇ ಹೋದೆ, ಬಾಗಿಲಲ್ಲಿ ನಿಂತೆ. ಅವನು ಆ ಕೆಂಪು ಸಾಮಾನನ್ನು ಬೇಡವೆಂದ. ಅದರಲ್ಲಿ ಎತ್ತರ ಮಾತ್ರ ಬದಲಾಗುತ್ತದೆ, ಗುಣ ಬದಲಾಗುವುದಿಲ್ಲ ಎಂದ. ಆಮೇಲೆ ಅವಳನ್ನು ಅರ್ಧ ಗಂಟೆ ವಿಚಾರಿಸಿದ. ಯಾವ ಬೀದಿ, ಎಷ್ಟು ಹಂಪು, ಪೆಟ್ಟಿಗೆ ಮುಂದಿಡುತ್ತೀಯೋ ಹಿಂದೋ, ಮಳೆಯಲ್ಲಿ ಬ್ರೇಕ್ ಹಾಕಿದರೆ ಕಾರಿನ ಮೂಗು ಎಷ್ಟು ಬಗ್ಗುತ್ತದೆ, ಊಟ ಕಾರಿನಲ್ಲೇ ಮಾಡುತ್ತೀಯೋ. ಎತ್ತರವನ್ನೂ ಬಿಗಿಯನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದಾದ ಇನ್ನೊಂದು ಜೋಡಿಯನ್ನು ಆರಿಸಿದ. ನನಗೆ ಸಹಿಸಲಾಗಲಿಲ್ಲ.

"ದಿನಾ ಓಡ್ಸೋ ಕಾರಿಗೆ ಯಾಕೋ ಇದೆಲ್ಲ?" ಎಂದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ."

"ದಿನಾ ಓಡ್ಸೋ ಕಾರಿಗೇ ಅಣ್ಣ ಬೇಕಾಗೋದು," ಅಂದ ತಲೆ ಎತ್ತದೆ. "ಭಾನುವಾರಕ್ಕೊಂದ್ಸಲ ಓಡ್ಸೋನಿಗೆ ಹೇಗಿದ್ರೂ ನಡೀತದೆ. ಇವಳು ಇದ್ರಲ್ಲೇ ಬದುಕ್ತಾಳೆ."

ಹಾಕಿದ ದಿನ ಮಗಳನ್ನು ಸೀಟಿನಲ್ಲಿ ಕೂರಿಸಿ, ಪೆಟ್ಟಿಗೆಗಳಷ್ಟೇ ಭಾರದ ನೀರಿನ ಕ್ಯಾನುಗಳನ್ನು ಹಿಂದಿನ ಸೀಟಿನ ಮೇಲಿಟ್ಟು ಎತ್ತರ ಅಳೆದ. ಒಂದು ಬೆರಳೂ ತಗ್ಗಿಸಲಿಲ್ಲ. ಹಿಂದಿನ ತಿರುಪುಗಳನ್ನು ತಿರುಗಿಸಿ ಎದ್ದು, ಕೈ ಒರೆಸಿಕೊಳ್ಳುತ್ತಾ ಹೇಳಿದ: "ಹದಿನೆಂಟು. ಇಷ್ಟಿದ್ರೆ ರಸ್ತೆ ಅಂತ ಒಂದಿದೆ ಅನ್ನೋದೇ ರಕ್ತಕ್ಕೆ ಗೊತ್ತಾಗಲ್ಲ." ಆ ಸಂಖ್ಯೆ ನನ್ನ ಕಿವಿಗೆ ಬಿತ್ತು. ಅವನು ಎಣಿಸಿದ್ದನ್ನು ಮಾತ್ರ ನಾನು ನೋಡಲಿಲ್ಲ. ಬೇಕೆಂದೇ ಬೀದಿಯ ಕಡೆ ನೋಡುತ್ತಿದ್ದೆ.

ಅಂದು ಸಂಜೆ ಮಗಳು ಮನೆಗೆ ಬಂದು ಅಮ್ಮನ ಹತ್ತಿರ, "ಕೈ ಅಂದ್ರೆ ಚಿಕ್ಕಪ್ಪನ ಕೈ," ಅಂದಳು. ಸ್ಪ್ರಿಂಗಿನ ಕೆಲಸದಲ್ಲಿ ಕೂದಲು ಹಣ್ಣಾದ ಅವಳ ಅಪ್ಪ, ನಾನು, ಅದೇ ಕೋಣೆಯಲ್ಲಿ ಕೂತಿದ್ದೆ. ನಾನು ಊಟಕ್ಕೆ ಏಳಲಿಲ್ಲ. "ಹೊಟ್ಟೆಯಲ್ಲಿ ಆಗ್ಲೇ ಏನೋ ತುಂಬ್ಕೊಂಡ ಹಾಗಿದೆ," ಎಂದಳು ನನ್ನ ಹೆಂಡತಿ. ಮೂವತ್ತೈದು ವರ್ಷ ಜೊತೆಯಲ್ಲಿದ್ದವಳಿಗೆ ನನ್ನ ಹೊಟ್ಟೆಯ ಲೆಕ್ಕ ತಿಳಿಯದೇ?

ಮುಂದಿನ ಸೋಮವಾರ ಮಧ್ಯಾಹ್ನ ಮೊದಲ ಸಲ ಕಾರಿನ ಕೆಳಗೆ ಹೋದೆ. ಎರಡೂ ಕಡೆ ಎರಡೆರಡು ಕ್ಲಿಕ್ ಬಿಗಿ ಮಾಡಿದೆ. ಒಮ್ಮೆಗೇ ಹೆಚ್ಚು ಮಾಡಿದರೆ ಅವಳಿಗೆ ಗೊತ್ತಾಗುತ್ತದೆ. ಅದರ ಮುಂದಿನ ಸೋಮವಾರ ಮತ್ತೆರಡು. ಪಾಪವನ್ನೂ ಅಳತೆಯಲ್ಲಿಯೇ ಮಾಡಿದೆ. ಬೆಳಿಗ್ಗೆ ದೇವರಿಗೆ ಮುಗಿದ ಕೈಗಳೇ ಮಧ್ಯಾಹ್ನ ಆ ತಿರುಪಿಗೆ ಹೋಗುತ್ತಿದ್ದವು. ಮಗಳ ಕೆಲಸಕ್ಕೆ ಕುತ್ತು ಬಂದೀತೆಂದು ಹೊಳೆಯಲಿಲ್ಲವೇ ಎಂದರೆ, ಹೊಳೆದಿತ್ತು. ಒಂದು ಪೆಟ್ಟಿಗೆ ಹಿಂದಕ್ಕೆ ಬಂದರೆ ಸಾಕು, ಚಿಕ್ಕಪ್ಪನ ಕೈ ಯಾವ ಕೈ ಎಂದು ಗೊತ್ತಾಗುತ್ತದೆ, ಆಮೇಲೆ ನಾನೇ ಸರಿ ಮಾಡಿ ಕೊಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾಲ್ಕು ಸೋಮವಾರ ಕಳೆದ ಮೇಲೆ ಅವಳು ಬಾಯಿಬಿಟ್ಟಳು. ಯಾಕೋ ಕಾರು ಮೊದಲಿನ ಹಾಗಿಲ್ಲ, ಹಂಪಿನ ಮೇಲೆ ಪೆಟ್ಟಿಗೆ ಜಿಗಿಯುತ್ತದೆ ಎಂದಳು. ಅಂದು ನಾನು ಅನ್ನವನ್ನು ಎರಡು ಸಲ ಬಡಿಸಿಕೊಂಡೆ. ಶನಿವಾರ ಅವಳು ಕಾರನ್ನು ಚಿಕ್ಕಪ್ಪನ ಅಂಗಡಿಗೆ ಕೊಂಡುಹೋದಳು. ಅವನ ಮುಖ ಬಾಡುವುದನ್ನು ಮನಸ್ಸಿನಲ್ಲೇ ನೋಡುತ್ತಾ ಕೂತೆ. ಆದರೆ ಅವಳು ನಗುತ್ತಾ ಬಂದಳು. ಈಗ ಮತ್ತೆ ಬೆಣ್ಣೆಯ ಹಾಗೆ ಹೋಗುತ್ತದಂತೆ. ಹೊಸ ಸಾಮಾನು ಒಗ್ಗಿಕೊಳ್ಳಲು ಸಮಯ ಬೇಕಿತ್ತಂತೆ.

ಸೋಮವಾರ ಆರು ಕ್ಲಿಕ್ ತಿರುಗಿಸಿದ್ದು ಆ ನಗುವಿನ ಮೇಲಿನ ಸಿಟ್ಟಿನಿಂದ. ಆಮೇಲಿನದನ್ನು ಆಗಲೇ ಹೇಳಿದ್ದೇನೆ.

ಅವನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಹಿರಿಯನಾಗಿ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಬಂದವರ ಸಮಾಧಾನದ ಮಾತುಗಳಿಗೆ ತಲೆ ಬಾಗಿಸಿದೆ. ಬಂದವರು ಒಬ್ಬಿಬ್ಬರಲ್ಲ. ಬೀದಿಯ ಉದ್ದಕ್ಕೂ ಕಾರುಗಳು. ಒಂದೊಂದರ ಹೊಟ್ಟೆಯಲ್ಲೂ ಅವನ ಕೈಕೆಲಸ. ನನ್ನ ಸಾವಿಗೆ ಇಷ್ಟು ಜನ ಬರುವುದಿಲ್ಲ ಎಂದು ಅಲ್ಲಿ ನಿಂತೇ ಎಣಿಸಿದೆ. ಹೆಣದ ಮುಂದೆಯೂ ಹೊಟ್ಟೆಕಿಚ್ಚು ಆರಲಿಲ್ಲ ಎಂದರೆ ಅದು ಎಂಥ ಕುಲುಮೆಯ ಬೆಂಕಿಯೆಂದು ತಿಳಿಯಿರಿ.

ಮೂರನೆಯ ದಿನ ಅವನ ಹೆಂಡತಿ ನನ್ನ ಹತ್ತಿರ ಬಂದು ಕೂತಳು.

"ಭಾವ, ಶನಿವಾರ ಅವ್ರು ಸರಿಯಾಗಿ ಊಟ ಮಾಡ್ಲಿಲ್ಲ," ಅಂದಳು. "ಏನಾಯ್ತು ಅಂತ ಕೇಳಿದ್ರೆ, 'ನನ್ನ ಕೆಲಸದಲ್ಲಿ ತಪ್ಪಾಗಿದೆ ಅಂದ್ಕೊಂಡಿದ್ದೆ, ತಪ್ಪಾಗಿಲ್ಲ' ಅಂದ್ರು. ತಪ್ಪಾಗದಿದ್ರೆ ಸಂತೋಷ ಅಲ್ವಾ? ಇವ್ರು ಯಾಕೆ ಹಾಗೆ ಕೂತಿದ್ರು?"

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥ ಮಾಡಿಕೊಳ್ಳಲು ಧೈರ್ಯ ಬರಲಿಲ್ಲ.

ಮಗಳು ಎಂಟು ದಿನ ರಜೆ ಹಾಕಿದ್ದಳು. ಮತ್ತೆ ಕೆಲಸಕ್ಕೆ ಹೋಗುವ ಹಿಂದಿನ ದಿನ, ಅವಳು ಕಾಣದ ಹೊತ್ತು ನೋಡಿ, ಕೆಡಿಸಿದ್ದನ್ನು ಸರಿಪಡಿಸಲು ಕಾರಿನ ಕೆಳಗೆ ಹೋದೆ. ಹದಿನೆಂಟು ಎಂಬುದು ನೆನಪಿತ್ತು. ಎಡಚಕ್ರದ ಆರನ್ನಷ್ಟೇ ಹಿಂದಕ್ಕೆ ತಿರುಗಿಸಬಹುದಿತ್ತು, ಆದರೆ ಶನಿವಾರ ಅವನು ಎಷ್ಟಕ್ಕೆ ಬಿಟ್ಟಿದ್ದನೋ ತಿಳಿಯದು, ಎರಡೂ ಕಡೆ ಹೊಸದಾಗಿ ಎಣಿಸಿ ಹದಿನೆಂಟಕ್ಕೇ ತರೋಣ ಎಂದುಕೊಂಡೆ. ಸಾಮಾನಿನ ಜೊತೆ ಬಂದಿದ್ದ ಕಾಗದ ಕಾರಿನಲ್ಲೇ ಇತ್ತು. ಪೂರ್ತಿ ಸಡಿಲ ಮಾಡಿ, ಅಲ್ಲಿಂದ ಬಿಗಿಯ ಕಡೆಗೆ ಎಣಿಸಿ ಎಂದು ಅದರಲ್ಲಿತ್ತು. ಒಟ್ಟು ಇಪ್ಪತ್ತನಾಲ್ಕು ಕ್ಲಿಕ್. ತಮ್ಮನೋ ಬಿಳಿ ಟೈಲ್ಸಿನ ನೆಲದ ಮನುಷ್ಯ, ಕಾಗದದ ಪ್ರಕಾರವೇ ಎಣಿಸಿರುತ್ತಾನೆ ಎಂದು ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ತಂದೆಯ ರೀತಿ ಉಳಿಸಿಕೊಂಡವನು ನಾನೊಬ್ಬನೇ ಎಂಬ ಹೆಮ್ಮೆಯೊಂದಾದರೂ ನನಗೆ ಬೇಕಿತ್ತು. ಕಾಗದ ಹೇಳಿದಂತೆ ಹದಿನೆಂಟು ಎಣಿಸಿದೆ. ಎದ್ದು ಡಿಕ್ಕಿಯನ್ನು ಅಂಗೈಯಿಂದ ಒತ್ತಿದಾಗ ಗಡುಸು ಎನ್ನಿಸಿತು. ಹೊಸ ಕಾಲದ ರುಚಿ, ಹೀಗೇ ಇರಬೇಕು ಎಂದುಕೊಂಡೆ.

ಮರುದಿನ ಹತ್ತು ಗಂಟೆಗೆ ಮಗಳು ಬಂದಾಗ ಕೈಯಲ್ಲಿ ಪೆಟ್ಟಿಗೆ ಇತ್ತು. ಲ್ಯಾಬಿನವರು ಹಿಂದಕ್ಕೆ ಕೊಟ್ಟಿದ್ದರು. ಒಬ್ಬ ಅಜ್ಜಿಯ ಎರಡೂ ಕೈಗಳಲ್ಲಿ ನರ ಸಿಗದೆ ಬಹಳ ಕಷ್ಟಪಟ್ಟು ತೆಗೆದ ರಕ್ತ ಅದರಲ್ಲಿತ್ತಂತೆ. ನಾಳೆಯೊಂದು ದಿನ ನೋಡುತ್ತೇವೆ, ಆಮೇಲೆ ಇಲ್ಲ ಎಂದಿದ್ದರಂತೆ.

"ಚಿಕ್ಕಪ್ಪ ಇದ್ದಿದ್ರೆ," ಎಂದು ಶುರು ಮಾಡಿ ಮುಗಿಸಲಿಲ್ಲ. ಆಮೇಲೆ, "ಅವ್ರು ಒಳಗೆ ಏನೋ ಬರೆದು ಅಂಟಿಸಿದ್ದಾರೆ. ನೀವು ಓದಿ ಹೇಳಿ ಅಪ್ಪ, ನಿಮಗೆ ಗೊತ್ತಾಗತ್ತೆ," ಎಂದು ಡಿಕ್ಕಿ ತೆರೆದು, ಸ್ಟೆಪ್ನಿಯ ಮೇಲಿನ ಹಲಗೆ ಎತ್ತಿದಳು.

ಹಲಗೆಯ ಅಡಿಯಲ್ಲಿ ಅಗಲವಾದ ಕಾಗದದ ಟೇಪು, ಅದರ ಮೇಲೆ ಅವನ ಗುಂಡು ಅಕ್ಷರ. ಮೊದಲ ಸಾಲು: "ಬಿಗಿಯಿಂದ. ಹಾಕಿದ್ದು ಹದಿನೆಂಟು." ಅದರ ಕೆಳಗೆ ಆ ಶನಿವಾರದ ತಾರೀಖು: "ಬಂದದ್ದು ಹತ್ತು. ಬಿಟ್ಟದ್ದು ಹದಿನೆಂಟು." ಮೂರನೆಯ ಸಾಲಿಗೆ ಜಾಗ ಬಿಟ್ಟಿದ್ದ.

ಬಿಗಿಯಿಂದ. ತಂದೆ ಕಲಿಸಿದ ಹಾಗೆಯೇ. ಅಂದರೆ ನಿನ್ನೆ ನಾನು ಇಟ್ಟದ್ದು ಬಿಗಿಯಿಂದ ಬರೀ ಆರು. ಅಷ್ಟೂ ಕಾಲ ಅವನು ತಂದೆಯ ಎಣಿಕೆಯನ್ನೂ ಬರಹವನ್ನೂ ಬಿಟ್ಟಿರಲಿಲ್ಲ, ಬಿಟ್ಟವನು ನಾನು.

ಇನ್ನೊಂದು, ಅವನಿಗೆ ತಿಳಿದಿತ್ತು. ತಿರುಪು ತಾನಾಗಿ ಎಂಟು ಕ್ಲಿಕ್ ತಿರುಗುವುದಿಲ್ಲ, ಅದೂ ಎರಡೂ ಕಡೆ ಒಂದೇ ಸಮ. ಆ ಕಾರಿನ ಕೆಳಗೆ ಕೈ ತೂರಿಸಬಲ್ಲ ಮೇಸ್ತ್ರಿ ಜಗತ್ತಿನಲ್ಲಿ ಇನ್ನೊಬ್ಬ ಯಾರು? ಆ ಶನಿವಾರ ಅವನು ಏನು ಮಾಡಿದನೆಂದು ಮಗಳನ್ನು ಕೇಳಿದೆ. ಎಡಗಡೆ ಎರಡು ಸಲ ಎಣಿಸಿದರಂತೆ, ಬಲಗಡೆ ಎಣಿಸಿ ನೆಲದ ಮೇಲೆಯೇ ಸ್ವಲ್ಪ ಹೊತ್ತು ಕೂತರಂತೆ. ಆಮೇಲೆ ಒಗ್ಗಿಕೊಳ್ಳುವ ಮಾತು ಹೇಳಿ, "ನಿಮ್ಮಪ್ಪನ ಮುಂದೆ ಇದನ್ನ ದೊಡ್ಡದು ಮಾಡ್ಬೇಡ ಮಗಳೇ," ಎಂದರಂತೆ.

ಸುಮ್ಮನಿದ್ದುಬಿಡಬಹುದಿತ್ತು. ಎಣಿಕೆ ತಪ್ಪಿದೆ ಎಂದು ಹೇಳಿ, ಸರಿ ಮಾಡಿ, ಮಗಳಿಂದ ಹೊಗಳಿಸಿಕೊಳ್ಳಲೂಬಹುದಿತ್ತು. ಆ ಆಸೆ ಬಾಯಿಯ ತನಕ ಬಂತು ಕೂಡ. ಆದರೆ ಮಗಳು ಆ ಸಾಲುಗಳ ಮೇಲೆ ಬೆರಳಿಟ್ಟು, "ಹತ್ತು ಹೇಗಾಯ್ತು?" ಎಂದು ಕೇಳಿದಳು. ಅವನು ಹೊಸ ಸಾಮಾನಿನ ಮೇಲೆ ಹಾಕಿದ ತಪ್ಪು ಅವಳ ಕಣ್ಣಲ್ಲಿ ಅವನ ಕೈಯ ಮೇಲೇ ಉಳಿಯಬಹುದಿತ್ತು. ಸತ್ತವನು ಬಂದು ವಾದಿಸುವುದಿಲ್ಲ.

"ನಾನು ಮಾಡಿದ್ದು," ಎಂದೆ. "ನಾಲ್ಕು ಸೋಮವಾರ, ಎರಡೆರಡು. ಅವನು ಹೋದ ದಿನ ಇನ್ನೂ ಆರು. ನಿನ್ನೆ ಸರಿ ಮಾಡೋಕೆ ಹೋಗಿ ಮತ್ತೂ ಕೆಡಿಸ್ದೆ. ಅವನ ಕೆಲಸದಲ್ಲಿ ತಪ್ಪಿರ್ಲಿಲ್ಲ."

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ವಾಸಿ ಇತ್ತು. ಒಳಗೆ ಹೋಗಿ ಟಾರ್ಚು ತಂದು ನನ್ನ ಕೈಗೆ ಕೊಟ್ಟಳು. "ಗಟ್ಟಿಯಾಗಿ ಎಣಿಸಿ. ನಾನೂ ಎಣಿಸ್ತೀನಿ," ಅಂದಳು.

ಮೊದಲು ಪೂರ್ತಿ ಬಿಗಿ ಮಾಡಿದೆ. ಕೊನೆ ಸಿಕ್ಕಿತು. ಅಲ್ಲಿಂದ ಒಂದು, ಎರಡು, ಮೂರು ಎಂದು ನಾನು ಕಾರಿನ ಕೆಳಗಿನಿಂದ, ಅವಳು ಮೇಲಿನಿಂದ. ಹತ್ತಕ್ಕೆ ಬಂದಾಗ ನನ್ನ ದನಿ ನಿಂತಿತು. ಅವಳು ಕಾದಳು. ಹನ್ನೊಂದು ಎಂದು ಅವಳೇ ಹೇಳಿದಳು. ಎರಡೂ ಕಡೆ ಮುಗಿಸಿ ಎದ್ದು ಬಂದಾಗ, ಟೇಪಿನ ಮೂರನೆಯ ಸಾಲಿನಲ್ಲಿ ಬರೆಯಲು ಪೆನ್ನು ಕೊಟ್ಟಳು. "ಬಂದದ್ದು ಆರು. ಬಿಟ್ಟದ್ದು ಹದಿನೆಂಟು," ಎಂದು ತಮ್ಮನ ಅಕ್ಷರದ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ. ಎಷ್ಟೋ ವರ್ಷಗಳ ಮೇಲೆ ಬರೆದದ್ದು.

ಮರುದಿನದ ಪೆಟ್ಟಿಗೆಯನ್ನು ಲ್ಯಾಬಿನವರು ತೆಗೆದುಕೊಂಡರು. ಆಮೇಲೆ ಯಾವುದೂ ಹಿಂದಕ್ಕೆ ಬಂದಿಲ್ಲ. ಮಗಳು ಈಗ ಮಧ್ಯಾಹ್ನ ಮನೆಗೆ ಬರುವುದಿಲ್ಲ. ಆಸ್ಪತ್ರೆಯ ಅಂಗಳದಲ್ಲೇ ಕಾರು ನಿಲ್ಲಿಸಿ ಅಲ್ಲಿಯೇ ಊಟ ಮುಗಿಸುತ್ತಾಳೆ. ಹೆಂಡತಿ ಕಾರಣ ಕೇಳಿದಾಗ ದೂರವಾಗುತ್ತದೆ ಅಂದಳು. ದೂರವಾದದ್ದು ನಿಜ.

ಪ್ರತಿದಿನ ಬೆಳಿಗ್ಗೆ ದೇವರ ಮುಂದೆ ಕೂತಾಗ ಅವನನ್ನು ನೆನೆಯುತ್ತೇನೆ. ಸತ್ಯವನ್ನೇ ಹೇಳುವುದಾದರೆ, ಹೊಟ್ಟೆಕಿಚ್ಚು ಈಗಲೂ ಪೂರ್ತಿ ಹೋಗಿಲ್ಲ. ಅವನು ಎಲ್ಲ ತಿಳಿದೂ ನನ್ನ ತಪ್ಪನ್ನು ಮುಚ್ಚಿಟ್ಟು ಹೋದ. ಕ್ಷಮಿಸುವುದರಲ್ಲಿಯೂ ಅವನೇ ಮುಂದೆ. ನಾನು ಬಾಗಿಲಲ್ಲಿ ನಿಂತು ಬೀದಿ ನೋಡುವವನು.

ದೇವರೇ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು. ಕೊನೆಯ ಎರಡು ದಿನ ಅವನು ನನ್ನಿಂದಾಗಿ ಹೊತ್ತ ಭಾರವನ್ನು ಇಳಿಸು. ಈಗ ಅವನು ಹೋಗುತ್ತಿರುವ ದಾರಿಯಲ್ಲಿ ಗುಂಡಿಯಿಲ್ಲದಿರಲಿ, ಇದ್ದರೂ ಅವನಿಗೆ ತಿಳಿಯದಿರಲಿ. ನನ್ನನ್ನು ಎಣಿಸುವ ದಿನ ನನ್ನಲ್ಲಿ ಬಂದದ್ದೇನು, ಬಿಟ್ಟದ್ದೇನು ಎಂಬುದನ್ನು ನೀನೇ ಬರೆದುಕೋ. ಅವನನ್ನು ಮಾತ್ರ ಇನ್ನು ಎಣಿಸಬೇಡ. ತಂದೆಯೇ, ಅವನು ನೆಮ್ಮದಿಯಾಗಿ ಮಲಗಿರಲಿ.